ಯಾರನ್ನೂ ಬೆಚ್ಚಿಸದ ಓಂಕಾರಮೂರ್ತಿ

ಓಂಕಾರಮೂರ್ತಿ ಯಾರ ಹಿಂದೆಯೂ ಸದ್ದಿಲ್ಲದೆ ಬಂದು ನಿಂತವರಲ್ಲ. ಬೆಂಗಳೂರಿನಿಂದ ಅಜ್ಜಂಪುರದ ಮನೆಗೆ ರಜೆಗೆ ಬಂದರೆ ಬೀದಿಯ ತಿರುವಿನಿಂದಲೇ ಮೆಲ್ಲಗೆ ಕೆಮ್ಮುತ್ತಾ, ಚಪ್ಪಲಿ ಎಳೆಯುತ್ತಾ, ತಾವು ಬರುತ್ತಿರುವುದನ್ನು ಗೋಡೆಗಳಿಗೂ ತಿಳಿಸಿದ ಮೇಲೆಯೇ ಹೊಸ್ತಿಲು ದಾಟುವರು. ಕುರ್ಚಿಯನ್ನು ಎಳೆಯದೆ ಎತ್ತಿಡುವರು. ಕಿರುಗುಟ್ಟುವ ಬಾಗಿಲಿಗೆ ಎಣ್ಣೆ ಬಿಡುವರು. ಅಲಾರಂ ಗಡಿಯಾರದ ಗಂಟೆಗೆ ಹತ್ತಿ ತುರುಕುವರು. "ಸೈಂಟಿಸ್ಟು ಅಂತಾರೆ, ಮದುವಣಗಿತ್ತಿ ಹಂಗೆ ಹೆಜ್ಜೆ ಇಡ್ತಾನೆ" ಎಂದು ತಾಯಿ ಕರಿಬಸಮ್ಮ ನಗುತ್ತಿದ್ದರು.

ಮಗಳೊಂದಿಗೆ ತವರಿನಲ್ಲೇ ಇದ್ದ ಅಕ್ಕ ಮಲ್ಲಿಕಾಂಬ ಮಾತ್ರ ನಗುತ್ತಿರಲಿಲ್ಲ. ಚಿಕ್ಕಂದಿನಲ್ಲಿ ತರೀಕೆರೆಯ ಬಸ್‌ಸ್ಟ್ಯಾಂಡಿನಲ್ಲಿ ಲಾರಿಯ ಟೈರು ಸಿಡಿದಾಗ, ಅಕ್ಕ ತಮ್ಮ ಇಬ್ಬರ ಕೈ ಹಿಡಿದು ನಿಂತಿದ್ದ ಪುಟ್ಟ ತಂಗಿ ಬೆಚ್ಚಿ ಬಿದ್ದವಳು ಮತ್ತೆ ಏಳಲಿಲ್ಲ. ಗಾಳಿ ಸೋಕಿತೆಂದು ಊರು ಹೇಳಿತು. ಓಂಕಾರಮೂರ್ತಿ ಒಪ್ಪದೆ ಓದುತ್ತಾ ಹೋದರು. ಈಗ ಮಲ್ಲಿಕಾಂಬ ಅವರ ಮಗಳು ಗಂಗಾಂಬಿಕೆಯೂ ಶಾಲೆಯ ಗಂಟೆಗೆ ಬೆಚ್ಚಿ ಎಚ್ಚರ ತಪ್ಪಿದ್ದಳು. ಸೋದರಮಾವ ಓಂಕಾರಮೂರ್ತಿಯೇ ಅವಳನ್ನು ಬೆಂಗಳೂರಿಗೆ ಕರೆದೊಯ್ದು ಇ.ಸಿ.ಜಿ. ತೆಗೆಸಿದರು. ಡಾಕ್ಟರು ಮಾತ್ರೆ ಬರೆದುಕೊಟ್ಟು, ಹುಡುಗಿ ಬೆಚ್ಚದಂತೆ ನೋಡಿಕೊಳ್ಳಿ ಎಂದರು.

ಹೃದಯದ ಸ್ನಾಯುವಿನ ಒಂದೊಂದು ಜೀವಕೋಶದ ಪೊರೆಯಲ್ಲೂ ಕಣ್ಣಿಗೆ ಕಾಣದ ಕಿಂಡಿಗಳಿವೆಯಂತೆ. ಒಂದರಲ್ಲಿ ಸೋಡಿಯಂ ಒಳನುಗ್ಗಿದರೆ ಬಡಿತ ಹುಟ್ಟುತ್ತದೆ. ಇನ್ನೊಂದರಲ್ಲಿ ಪೊಟ್ಯಾಸಿಯಂ ಹೊರಟರೆ ಹೃದಯ ಮುಂದಿನ ಬಡಿತಕ್ಕೆ ಅಣಿಯಾಗುತ್ತದೆ. ಕೂದಲಿಗಿಂತ ಸಣ್ಣ ಮೊನೆಯ ಗಾಜಿನ ನಳಿಗೆಯನ್ನು ಗಿನಿಪಿಗ್ ಹೃದಯದ ಕೋಶಕ್ಕೆ ತಾಗಿಸಿ, ಕಿಂಡಿ ತೆರೆದು ಮುಚ್ಚುವುದನ್ನು ಅಳೆಯುವುದು ಓಂಕಾರಮೂರ್ತಿಯವರ ಕೆಲಸ. "ಎರಡನೇ ಕಿಂಡಿ ಸೋಮಾರಿಯಾಗಿದ್ರೆ, ಹೃದಯ ಅಣಿಯಾಗೋಕೆ ಮುಂಚೇನೇ ಹೆದರಿಕೆ ಬಂದು ಬಡಿದು, ಲಯ ತಪ್ಪುತ್ತೆ ಅಕ್ಕಾ. ನನ್ನ ಊಹೆ ಅಷ್ಟೆ" ಎನ್ನುವರು.

೧೯೮೪ರ ಬೇಸಿಗೆಯ ಒಂದು ಮಧ್ಯಾಹ್ನ, ಜಗಲಿಯಲ್ಲಿ ಮಂಡಕ್ಕಿ ತಿನ್ನುತ್ತಿದ್ದ ಗಂಗಾಂಬಿಕೆಗೆ ಬಿಕ್ಕಳಿಕೆ ಹತ್ತಿತು. ಬಿಕ್ಕಳಿಕೆಗೆ ಈ ಸೀಮೆಯ ಮದ್ದೆಂದರೆ ಹಿಂದಿನಿಂದ ಬಂದು ಬೆಚ್ಚಿಬೀಳಿಸುವುದು. ಕರಿಬಸಮ್ಮ ಹಿತ್ತಾಳೆ ತಟ್ಟೆ, ಸೌಟು ಹಿಡಿದು ತುದಿಗಾಲಲ್ಲಿ ಮೊಮ್ಮಗಳ ಬೆನ್ನ ಹಿಂದೆ ಬಂದು ನಿಂತರು.

ಅಂಗಳದಲ್ಲಿದ್ದ ಮಲ್ಲಿಕಾಂಬ ಕೂಗಲೆಂದು ಬಾಯಿ ತೆರೆದವರು ಹಾಗೆಯೇ ಉಳಿದರು. ಆ ಕೂಗಿಗೇ ಮಗಳು ಬೆಚ್ಚಿದರೆ? ಓಡಿದರೂ ಅಷ್ಟೇ. ಪಕ್ಕದಲ್ಲಿದ್ದ ತಮ್ಮನ ಮುಖ ಸುಣ್ಣದಂತೆ ಬಿಳುಚಿತ್ತು. ದನಿ ಮಾತ್ರ ದಿನದ ದನಿ.

"ಅವ್ವಾ, ಒಂದ್ ಲೋಟ ನೀರು ಕೊಡು."

ಕರಿಬಸಮ್ಮ ಸೌಟನ್ನು ತುಟಿಯ ಮೇಲಿಟ್ಟು, ಸುಮ್ಮನಿರೆಂದು ಸನ್ನೆ ಮಾಡಿದರು. ಮತ್ತೆ ಸೌಟು ಮೇಲೆದ್ದಿತು.

"ತಲೆ ಸುತ್ತು ಬತ್ತಾ ಐತೆ ಕಣವ್ವಾ. ನೀರು."

ಎತ್ತಿದ ಕೈ ಕೆಳಗಿಳಿಯಿತು. "ನೀರು ತಗೊಂಡು ಕುಡಿಯಾಕೂ ಬರಲ್ವೇನೋ ನಿಂಗೆ" ಎಂದು ಗೊಣಗುತ್ತಾ ಒಳಗೆ ಹೋದರು.

ಮಲ್ಲಿಕಾಂಬ ಹಿಂದೆಯೇ ಹೋಗಿ ತಟ್ಟೆ ಕಿತ್ತುಕೊಂಡರು. "ಹೆದರಿಸ್ಬಾರ್ದು ಅಂತ ಹೇಳಿರ್ಲಿಲ್ವೇನವ್ವಾ?"

"ಹೆದರ್ಸೋದು ಬೇರೆ. ಇದು ಮದ್ದು ಕಣೇ" ಎಂದರು ಕರಿಬಸಮ್ಮ.

ಲೋಟದ ನೀರು ಓಂಕಾರಮೂರ್ತಿಯವರ ಗಂಟಲಿಗಿಂತ ಹೆಚ್ಚಾಗಿ ಅಂಗಿಯ ಮೇಲೆ ಇಳಿಯಿತು.

"ನಿನ್ನ ಗಾಜಿನ ನಳಿಗೆ ಯಾವಾಗ ಉತ್ತರ ಹೇಳುತ್ತೋ?" ಎಂದು ಅಕ್ಕ ಕೇಳಿದರು.

"ನಮ್ ಗಂಗಿ ಕಾಲಕ್ಕೆ ಹೇಳ್ದೇನೂ ಇರ್ಬೋದು ಅಕ್ಕಾ."

ಅಂದು ಸಂಜೆ ಲಿಂಗಪೂಜೆಯಲ್ಲಿ ಮಲ್ಲಿಕಾಂಬ ಮಗಳ ಹೆಸರಿನ ಜೊತೆಗೆ ತಮ್ಮನ ಹೆಸರನ್ನೂ ಹೇಳಿಕೊಂಡರು.

ತಿಳಿವಳಿಕೆ ಭಯವನ್ನು ಕಳೆಯುತ್ತದೆಂದು ನಾವು ನಂಬಿದ್ದೇವೆ. ಓಂಕಾರಮೂರ್ತಿಯಂಥವರಿಗೆ ಅದು ಭಯ ಎಲ್ಲಿ ಮನೆ ಮಾಡಿದೆಯೆಂಬುದನ್ನು ತೋರಿಸಿಕೊಡುತ್ತದೆ, ಅಷ್ಟೇ. ಜೀವ ಎಷ್ಟು ತೆಳುವಾದ ಪೊರೆಯನ್ನು ನಂಬಿ ನಿಂತಿದೆಯೆಂದು ಕಂಡವರಿಗೆ ಮತ್ತೆ ನಿಶ್ಚಿಂತೆಯಿಲ್ಲ. ಮನೆಮಂದಿಯ ಪಾಲಿನ ಹೆದರಿಕೆಯನ್ನೆಲ್ಲ ತಾವೇ ಹೊತ್ತು, ನಗುವವರನ್ನು ನಗಲು ಬಿಡುತ್ತಾರೆ.