ಬಲೆಗೊಂದು ಜಾಗ, ನನಗೊಂದು ಜಾಗ

ಹೊಸ ಬಣ್ಣದ ವಾಸನೆ ಮೂಗಿಗೆ ಅಡರುತ್ತಿದೆ, ದೋಣಿ ಅಂದರೆ ಮೀನಿನ ವಾಸನೆ ಅಂತಲೇ ಇಪ್ಪತ್ತೆರಡು ವರ್ಷ ಸಂಸಾರ ಮಾಡಿದವಳಿಗೆ ಹೊಸ ಮನೆಗೆ ಕಾಲಿಟ್ಟ ಹಾಗಿದೆ — ಇರಲಿ, ನಾನಂತೂ ಇಳಿಯುವುದಿಲ್ಲ. ಮರದ ದಿಮ್ಮಿಗಳ ಮೇಲೆ ಕೂರಿಸಿರುವ ದೋಣಿ, ಇನ್ನೂ ನೀರೇ ಸೋಕಿಲ್ಲ, ಮುಳುಗುವ ಮಾತೆಲ್ಲಿ, ಆದರೂ ನನ್ನ ಗಂಡ ಕೆಳಗೆ ನಿಂತು ಮುಖ ಬಿಳಿಚಿಕೊಂಡು ಇಳಿಯೇ ಸಾಕು, ಜನ ನೋಡ್ತಾರೆ ಅನ್ನುತ್ತಿದ್ದಾರೆ, ನೋಡಲಿ, ಯಾರಪ್ಪನ ಗಂಟೇನು ಹೋಗುತ್ತದೆ. ದೋಣಿ ಕಟ್ಟುವ ಮೇಸ್ತ್ರಿ ಮೀಸೆ ಒರೆಸಿಕೊಳ್ಳುವ ನೆಪದಲ್ಲಿ ನಗು ಮುಚ್ಚಿಕೊಳ್ಳುತ್ತಿದ್ದಾನೆ. ಹೊಸ ದೋಣಿ ಕೊಳ್ಳೋಣ ಅಂತ ಬಂದು ಇವರು ಆರಿಸಿದ್ದು ಆಚೆ ಕಡೆಯ ಬೋಳು ದೋಣಿ, ಕೂರಲು ಒಂದು ಹಲಗೆಯೂ ಇಲ್ಲ, ಈ ತುದಿಯಿಂದ ಆ ತುದಿಗೆ ಬಲೆ ಮತ್ತು ಮೀನು, ಮೇಸ್ತ್ರಿ ಬೆರಳ ಗೆಣ್ಣಿನಿಂದ ಅದರ ಪಕ್ಕೆ ಬಡಿದು ಗಟ್ಟಿ ಮಾಲು ಅಣ್ಣಾ ಅಂದ, ಇವರು ತಲೆಯಾಡಿಸಿದರು, ಹೆಂಡತಿ ಎಲ್ಲಿ ಕೂರಬೇಕು ಅಂತ ಇಬ್ಬರಲ್ಲಿ ಒಬ್ಬರೂ ಕೇಳಲಿಲ್ಲ. ನಾನೇ ಕೇಳಿದೆ. ಮನೇಲಿ ಅಂದರು. ಮನೆಯಲ್ಲಂತೆ! ಆರು ವರ್ಷದಿಂದ ಅಲ್ಲೇ ತಾನೇ ಕೂತಿರುವುದು, ಅದಕ್ಕೇ ಈ ಅಗಲ ತಳದ ದೋಣಿಗೆ ಏಣಿ ಹಾಕಿಕೊಂಡು ಹತ್ತಿಬಿಟ್ಟೆ, ಸೀಟಿದೆ, ಮೇಲೆ ನೆರಳಿಗೆ ಬಟ್ಟೆಯಿದೆ, ಬಲೆಗೂ ಬೇಕಾದಷ್ಟು ಜಾಗವಿದೆ, ಇನ್ನೇನು ಬೇಕು ಈ ಮನುಷ್ಯನಿಗೆ.

ಗೊತ್ತು ನನಗೆ, ಏನು ಅಂತ ಗೊತ್ತು. ಆರು ವರ್ಷದ ಹಿಂದೆ ಆವತ್ತು ಇವರೇ ಬಾರೇ ಒಂದು ಸುತ್ತು ಹೋಗಿ ಬರೋಣ ಅಂತ ಕರೆದರು, ತಳ ಒದ್ದೆಯಾಗಿದೆ, ಬಲೆ ಮೇಲೆ ಕೂತ್ಕೊ, ಮೆತ್ತಗಿರುತ್ತೆ ಅಂದರು, ರಾಣಿಯ ಹಾಗೆ ಕೂತೆ, ಎಳೆ ಬಿಸಿಲು, ಇವರು ಹುಟ್ಟು ಹಾಕುತ್ತ ಹಾಡುತ್ತಿದ್ದಾರೆ, ಮೀನು ಪುಳಕ್ಕೆಂದು ಹಾರಿತು ನೋಡು, ಅಷ್ಟೇ — ಇವರ ಕೈ ತನ್ನ ಪಾಡಿಗೆ ತಾನು ಕಲ್ಲು ಕಟ್ಟಿದ ಬಲೆಯ ತುದಿಯನ್ನು ನೀರಿಗೆ ಎಸೆಯಿತು, ದಿನಾ ಎಸೆಯುವ ಕೈ, ಬಲೆಯ ಮೇಲೆ ಹೆಂಡತಿ ಕೂತಿದ್ದಾಳೆ ಅಂತ ಅದಕ್ಕೇನು ಗೊತ್ತು — ಸರಸರ ಜಾರಿತು ಬಲೆ, ಜೊತೆಗೆ ನನ್ನ ಕಾಲು, ಜೊತೆಗೆ ನಾನು. ಹಸಿರು ನೀರು, ಕಿವಿಯಲ್ಲಿ ಗುಂಯ್ ಅನ್ನುವ ಸದ್ದು, ಆಮೇಲೆ ನನ್ನ ಪಾದವನ್ನು ಬಿಗಿಯಾಗಿ ಹಿಡಿದ ಒಂದು ಕೈ, ಇನ್ನೊಂದು ಕೈಯಲ್ಲಿ ಚೂರಿ, ತಿಂಗಳುಗಟ್ಟಲೆ ಕೂತು ತಾವೇ ಹೆಣೆದ ಬಲೆಯನ್ನು ಚಿಂದಿ ಮಾಡಿ ಎಳೆದು ತಂದರು. ಸತ್ತೆನಾ? ಎರಡು ದಿನ ಕೆಮ್ಮಿದೆ, ಮೂರನೇ ದಿನ ಬಟ್ಟೆ ಒಗೆದೆ. ಸತ್ತ ಹಾಗಾದದ್ದು ಇವರು. ಆವತ್ತಿನಿಂದ ನಾನು ದಡ ದಾಟುವ ಹಾಗಿಲ್ಲ, ಅತ್ತೆಯದೂ ಅದೇ ರಾಗ, ನೀರಿನ ಹುಚ್ಚು ಬಿಡೇ ಅಂತ, ಅದೇ ಅತ್ತೆ ಈ ಬೆಳಿಗ್ಗೆ ಹೊರಡುವಾಗ ಕಿವಿಯ ಹತ್ತಿರ ಬಂದು ನೆರಳು ಇರೋದನ್ನೇ ನೋಡೇ, ನನಗೆ ಬಿಸಿಲು ಆಗಲ್ಲ ಅಂದರು, ಕಳ್ಳ ಮುದುಕಿ. ಮನೆಯಲ್ಲಿ ಈ ಮನುಷ್ಯ ಉಪ್ಪು ಕೊಡು ಅಂದರೆ ಅದೇ ದೊಡ್ಡ ಮಾತು, ಹಾಡುವುದು ನೀರಿನ ಮೇಲೆ ಮಾತ್ರ, ಆ ಹಾಡುವ ಗಂಡ ನನಗೆ ಬೇಕು, ಮೀನಿಗೆ ಮಾತ್ರ ಯಾಕೆ ಬಿಟ್ಟುಕೊಡಲಿ.

ಸುತ್ತಾಡೋ ದೋಣಿ ಬೇರೆ, ಮೀನು ಹಿಡಿಯೋ ದೋಣಿ ಬೇರೆ ಕಣೇ, ಸೀಟಿದ್ರೆ ಬಲೆ ಸಿಕ್ಕಿಹಾಕ್ಕೊಳ್ಳುತ್ತೆ ಅಂದರು ಇವರು — ನಾನು ಸಿಕ್ಕಿಹಾಕಿಕೊಂಡದ್ದು ಸೀಟಿಲ್ಲದ ದೋಣಿಯಲ್ಲಿ ರೀ, ಅಂದೇಬಿಟ್ಟೆ, ಮೇಸ್ತ್ರಿಯ ಎದುರಿಗೇ. ಮೇಸ್ತ್ರಿಯ ನಗು ನಿಂತುಹೋಯಿತು. ಇವರು ನೆಲ ನೋಡುತ್ತಿದ್ದಾರೆ, ಪಾಪ ಅನ್ನಿಸುತ್ತದೆ, ಅನ್ನಿಸಲಿ, ಇಳಿಯುವುದಿಲ್ಲ. ಮೇಸ್ತ್ರಿ, ಇಲ್ಲಿ ನಡುವೆ ಮೊಣಕಾಲೆತ್ತರಕ್ಕೆ ಒಂದು ಅಡ್ಡಹಲಗೆ ಕೂರಿಸಿ, ಹಿಂದೆ ಬಲೆ, ಮುಂದೆ ನಾವು, ಅದು ನಮ್ಮ ತಂಟೆಗೆ ಬರಬಾರದು, ನಾವು ಅದರ ತಂಟೆಗೆ ಹೋಗಬಾರದು, ಆಗುತ್ತಾ? ಆಗದೆ ಏನಕ್ಕಾ ಅನ್ನುತ್ತ ಮೇಸ್ತ್ರಿ ಏಣಿ ಹತ್ತಿ ಬಂದ, ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲ್ ತೆಗೆದ, ಸೀಟಿಂದ ಹಲಗೆವರೆಗೆ ಕಾಲಿಡೋಕೆ ಜಾಗ ಬಿಡಬೇಕು, ನಿಮ್ಮ ಪಾದ ಎಷ್ಟುದ್ದ? ನನಗೇನು ಗೊತ್ತು, ಚಪ್ಪಲಿಯನ್ನೂ ಹಾಕಿ ನೋಡಿಯೇ ಕೊಳ್ಳುವವಳು, ಬಗ್ಗಿ ಚಪ್ಪಲಿ ಬಿಚ್ಚುತ್ತಿದ್ದೇನೆ — ಇಷ್ಟು, ಅಂದರು ಕೆಳಗಿನಿಂದ ಇವರು, ಎರಡೂ ಅಂಗೈ ಎದುರುಬದುರು ಹಿಡಿದು, ಗಾಳಿಯಲ್ಲಿ. ಮೇಸ್ತ್ರಿ ಬಗ್ಗಿ ಆ ಕೈಗಳ ನಡುವೆ ಟೇಪು ಹಿಡಿದ, ಆಮೇಲೆ ನನ್ನ ಪಾದಕ್ಕೆ ಹಿಡಿದ, ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲವಲ್ಲಕ್ಕಾ. ಇವರು ಕೈ ಇಳಿಸಿಲ್ಲ, ಇಳಿಯೇ ಅಂತಲೂ ಅನ್ನುತ್ತಿಲ್ಲ, ನಾನೂ ಏನೋ ಜೋರಾಗಿ ಅನ್ನಬೇಕೆಂದಿದ್ದೆ, ಏನದು — ಹಸಿರು ನೀರು, ನನ್ನ ಪಾದ, ಆರು ವರ್ಷವಾದರೂ ಬಿಡದೆ ಹಿಡಿದೇ ಇರುವ ಆ ಕೈ, ಆ ಕೈ —