ಕೆಳಗೆ ನಿಂತ ಗಾಳಿ

ಬೆಳ್ಳಿ ಬಣ್ಣದ ಟೇಪು ಮತ್ತೆ ಬೆರಳಿಗೇ ಅಂಟಿತು, ಪೈಪಿಗೆ ಅಂಟಲೊಲ್ಲದು, ಸ್ಟೂಲಿನ ಮೇಲೆ ತುದಿಗಾಲಲ್ಲಿ ನಿಂತಿದ್ದ ಕ್ರಿಸ್ಟಿನಾ ಅದನ್ನು ಹಲ್ಲಿನಿಂದ ಕಚ್ಚಿ ಹರಿದಳು, ಇನ್ನೊಂದು ಸುತ್ತು ಸುತ್ತಿದರೆ ಆಯಿತು, ಮಾಡಿನ ಹತ್ತಿರದ ಈ ಫ್ಯಾನು ನೆಲಮಾಳಿಗೆಯ ವೈನಿನ ವಾಸನೆಯನ್ನೆಲ್ಲ ಎಳೆದು ಮೇಲೆ ಅಡುಗೆಮನೆಯ ಚಿಮಣಿಗೆ ಸೇರಿಸುತ್ತದೆ, ಅವಳ ಗಂಡ ಲಿಯೊನೆಲ್‌ನ ಉಪಾಯ ಅದು — ನೀನು ಬಂಗುಡೆ ಹುರೀತಾ ಇರು ಮಾರಾಯ್ತಿ, ಆ ವಾಸನೆಯಲ್ಲಿ ದ್ರಾಕ್ಷಿ ಯಾರ ಮೂಗಿಗೆ ಬರ್ತದೆ? — ಅಂದರೆ ಕ್ರಿಸ್ಮಸ್ಸಿನ ತನಕ ದಿನಾ ಬಂಗುಡೆ, ಯೋಚನೆ ಅವನದು, ಬಾಣಲೆ ಅವಳದು. ಅವನೂ ಮಕ್ಕಳೂ ಅವನ ಅಕ್ಕ ಎಲ್ಸಿಯಕ್ಕನೂ ಶುಕ್ರವಾರದ ಇಗರ್ಜಿಗೆ ಹೋಗಿದ್ದಾರೆ, ಬರುವುದಕ್ಕೆ ಇನ್ನೂ ಒಂದೂವರೆ ಗಂಟೆ ಇದೆ, ಗೋಡೆಯ ಬದಿಯಲ್ಲಿ ನಾಲ್ಕು ನೀರಿನ ಕ್ಯಾನುಗಳು ಬುಳುಬುಳು ಅನ್ನುತ್ತಿವೆ, ಅಲ್ ಮೀನಾ ಮಾರ್ಕೆಟ್ಟಿನಲ್ಲಿ ಪೆಟ್ಟಿಗೆ ಪೆಟ್ಟಿಗೆ ಮೂಸಿ ಅವಳೇ ಆರಿಸಿದ ಕಪ್ಪು ದ್ರಾಕ್ಷಿ, ಅವಳೇ ಹಿಸುಕಿದ್ದು, ಅಮ್ಮನ ಕೈಯಳತೆಯ ಗೋಧಿ, ಸಕ್ಕರೆ, ಆದರೆ ಊಟದ ಮೇಜಿನಲ್ಲಿ ಅದು ಲಿಯೊನೆಲ್‌ನ ವೈನು, ಇರಲಿ. ಹೊರಗಿನ ಗಾಳಿಕಿಂಡಿಗೆ ಅವನು ರಟ್ಟು ಬಡಿದು ಮೂರು ವಾರವಾಯಿತು, ಮನೆಯೊಡೆಯನ ಡ್ರೈವರ್ ಅಬ್ಬಾಸ್ ಅಲ್ಲಿ ನಿಂತು ಮೂಗೆಳೆದು, ಭಾಭಿ, ಯೇ ಕೈಸೀ ಬಾಸ್ ಹೈ? ಎಂದು ವಾಸನೆಯ ಬಗ್ಗೆ ಕೇಳಿದ್ದೇ ಸಾಕಾಯಿತು, ಈ ಅರಬ್ ದೇಶದಲ್ಲಿ ಮನೆಯಲ್ಲಿ ವೈನು ಸಿಕ್ಕಿದರೆ ಪೊಲೀಸ್, ವೀಸಾ ಕ್ಯಾನ್ಸಲ್, ಖಲಾಸ್, ಎಂದು ಲಿಯೊನೆಲ್ ಬೆವರಿದ್ದ — ಮೂರು ವಾರ, ಎಲ್ಸಿಯಕ್ಕನ ತಲೆನೋವಿಗೂ ಮೂರು ವಾರವೇ ಅಲ್ಲವೇ?

ಕತ್ತರಿ ಕೈಜಾರಿ ಬಿತ್ತು, ಇಳಿದು ಬಗ್ಗಿದಳು, ಸೋಡಾ ನೆತ್ತಿಗೇರಿದ ಹಾಗೆ ಮೂಗು ಚುರ್ರೆಂದಿತು, ತಟ್ಟನೆ ಎದ್ದು ನಿಂತಳು. ಊರಿನಲ್ಲಿ, ಅವಳು ಚಿಕ್ಕವಳಿದ್ದಾಗ, ಬಾವಿಯ ಕೆಸರು ತೆಗೆಯುವ ಏಪ್ರಿಲ್ ತಿಂಗಳು, ಪಪ್ಪ ಹಗ್ಗ ಕಟ್ಟಿದ ಲಾಟೀನನ್ನು ಕೆಳಗಿಳಿಸುತ್ತಿದ್ದಾರೆ, ನಿಲ್ಲು ಮಗಾ, ಮೊದಲು ದೀಪ ಹೋಗಲಿ, ದೀಪ ನಂದಿದ ಕಡೆ ಮನುಷ್ಯ ಇಳಿಯಬಾರದು, ಕೆಟ್ಟ ಗಾಳಿ ಯಾವಾಗಲೂ ಕೆಳಗೆ ಕೂತಿರ್ತದೆ — ಕೆಳಗೆ, ಫ್ಯಾನಿರುವುದೋ ಮೇಲೆ, ನಡುವೆ ಗಂಡನ ಅಕ್ಕನ ಕಬ್ಬಿಣದ ಮಂಚ, ವಿಧವೆಯಾಗಿ ಒಂದು ವರ್ಷ, ಕೆಲಸ ಹುಡುಕಲು ವಿಸಿಟ್ ವೀಸಾದಲ್ಲಿ ಬಂದವರು, ಮೇಲೆ ಜಾಗವಿಲ್ಲ ಎಂದು ಇಲ್ಲಿ ಮಲಗಿಸಿದ್ದು. ಒಂಬತ್ತಕ್ಕೆ ಏಳುತ್ತಾರೆ, ವಾಂತಿ ಮಾಡುತ್ತಾರೆ, ಬಾಗಿಲ ದಾರಂದ ಹಿಡಿದು ಕೂರುತ್ತಾರೆ, ತಲೆ ಎತ್ತಲಿಕ್ಕೇ ಆಗುದಿಲ್ಲ ಕ್ರಿಸ್ಟಿನಾ, ಮತ್ತೆ ಅವಳು, ಕ್ರಿಸ್ಟಿನಾಳೇ, ಇದೇ ಬಾಯಿಯಿಂದ, ರಾಣಿಯವರಿಗೆ ಬೆಳಗಾಯಿತಾ, ಚಾ ಇಲ್ಲಿಗೇ ತರಬೇಕಾ ಅಂದದ್ದು. ಎಲ್ಸಿಯಕ್ಕ ನಕ್ಕಿದ್ದರು. ನಗಬಾರದಿತ್ತು.

ಮಾತೆಯ ಪಟದ ಎದುರಿನ ಮೇಣದಬತ್ತಿ ತಂದು, ಸೌಟಿಗೆ ಕಟ್ಟಿ, ಮಂಚದ ಪಕ್ಕದಲ್ಲಿ ಮೆಲ್ಲನೆ ಇಳಿಸಿದಳು, ಎದೆಮಟ್ಟದಲ್ಲಿ ಉರಿಯುತ್ತದೆ, ದಿಂಬಿನ ಮಟ್ಟದಲ್ಲಿ ಸಣ್ಣಗೆ ನಡುಗುತ್ತದೆ, ಇನ್ನೂ ಕೆಳಗೆ — ಬತ್ತಿಯಿಂದ ಜ್ವಾಲೆ ಬೇರೆಯಾಗಿ ಒಂದು ಕ್ಷಣ ತೇಲಿ ಇಲ್ಲವಾಯಿತು, ಹೊಗೆ ಮೇಲೇಳಲಿಲ್ಲ, ಹಾಸಿಗೆಗಿಂತ ಒಂದು ಗೇಣು ಕೆಳಗೆ ಹೊದಿಕೆಯ ಹಾಗೆ ಹರಡಿಕೊಂಡಿತು. ಮತ್ತೆ ಹಚ್ಚಿದಳು, ಮತ್ತೆ ಅಲ್ಲೇ. ಒಂದು ಗೇಣು. ಕ್ಯಾನುಗಳು ಬುಳುಬುಳು ಅನ್ನುತ್ತಲೇ ಇವೆ, ಬಾವಿಯಲ್ಲಿ ನೀರು ಏರುವ ಹಾಗೆ ಅವು ಉಗುಳುವ ಈ ಕೆಟ್ಟ ಗಾಳಿಯೂ ಏರುತ್ತದೆ.

ಮೊದಲು ರಟ್ಟು. ಕತ್ತರಿ ತೂರಿಸಿ ಹರಿದಳು, ಡಿಸೆಂಬರಿನ ಗಾಳಿ ಮರಳಿನ ಜೊತೆ ಮುಖಕ್ಕೆ ಬಡಿಯಿತು, ಬಾಗಿಲುಗಳನ್ನೆಲ್ಲ ತೆರೆದಿಡುವುದು, ಆಮೇಲೆ ಬಕೆಟ್ಟು, ಕ್ಯಾನಿಗೆ ನಾಲ್ಕು ಸಲ, ಕಮೋಡಿಗೆ, ಫಿನಾಯಿಲು, ಅಬ್ಬಾಸ್ ಕೇಳಿದರೆ ಸಿರ್ಕಾ ಗಿರ್ ಗಯಾ ಭಾಯಿ, ವಿನೆಗರ್ ಚೆಲ್ಲಿತು ಎಂದರಾಯಿತು, ಲಿಯೊನೆಲ್‌ಗೆ ಹುಳಿ ತಿರುಗಿತು ಅಂದರೆ ಸಾಕು, ಕೂಗಾಡಲಿ, ಈ ವರ್ಷ ನಿನ್ನ ಕೈಗೆ ಏನಾಯ್ತು ಅನ್ನಲಿ, ಹೌದು ನನ್ನ ಕೈಯದೇ ತಪ್ಪು ಅನ್ನುತ್ತಾಳೆ. ಎಲ್ಸಿಯಕ್ಕನ ಹಾಸಿಗೆ ಇವತ್ತೇ ಮೇಲೆ, ತನ್ನ ಕೋಣೆಗೆ, ಲಿಯೊನೆಲ್ ಹಾಲಿನಲ್ಲಿ ಮಕ್ಕಳ ಜೊತೆ ಮಲಗಲಿ. ಯಾಕೆ ಎಂದು ಹೇಳುವುದಿಲ್ಲ, ಎಲ್ಸಿಯಕ್ಕನಿಗಂತೂ ಯಾವತ್ತೂ ಇಲ್ಲ. ಮೊದಲ ಕ್ಯಾನಿನ ಕುತ್ತಿಗೆ ಹಿಡಿದಳು, ಹಿಡಿದು ನಿಂತಳು — ಆ ಹೊಗೆ, ಮೇಲೇಳದೆ, ಹಾಸಿಗೆಗಿಂತ ಒಂದು ಗೇಣು ಕೆಳಗೆ, ಇನ್ನೊಂದೆರಡು ರಾತ್ರಿ ಕಳೆದಿದ್ದರೆ ಎಲ್ಸಿಯಕ್ಕನ ಮೂಗಿನ ಮಟ್ಟಕ್ಕೆ — ಕ್ಯಾನನ್ನು ಬಕೆಟ್ಟಿಗೆ ಬಗ್ಗಿಸಿದಳು.