ತೀರ್ಥ ಬಂದ ದಿನ

ಒದ್ದೆ ಕೊಡೆಯ ತುದಿಯಲ್ಲಿ ಒಂದು ಹನಿ ಇಳಿಯಲೋ ಬೇಡವೋ ಎಂದು ನಿಂತಿದೆ, ಮಡಿಕೇರಿಯ ಕಚೇರಿಯ ಬೆಂಚಿನಲ್ಲಿ ಕೂತ ಬೆಳ್ಯಪ್ಪ ಮಾಸ್ತರರು ಅದನ್ನೇ ನೋಡುತ್ತಿದ್ದಾರೆ, ಅವತ್ತೂ ಹೀಗೇ ಕೊಡೆ ಒದ್ದೆ — ಭಾಗಮಂಡಲದ ಸಂಗಮದಲ್ಲಿ ಹೆಂಡತಿ ದಮಯಂತಿಯ ಅಸ್ಥಿ ಬಿಟ್ಟು ಬಂದು ಇನ್ನೂ ಕಾಲು ತೊಳೆದಿರಲಿಲ್ಲ, ಮಗ ವಸಂತನ ಫೋನಿಗೆ ಸಂದೇಶ ಬಂತು, ಅವನ ಮಗಳು ಮೋಕ್ಷಿತಾಳ ಸೀಟು ರದ್ದು. ಪ್ರವೇಶ ಪರೀಕ್ಷೆಯಲ್ಲಿ ತಾಲೂಕಿಗೇ ಮೂರನೆಯವಳು, ವಸತಿ ಶಾಲೆಗೆಂದು ಟ್ರಂಕು ತುಂಬಿ ಇಟ್ಟಾಗಿತ್ತು, ಆದರೆ ಆಸ್ಪತ್ರೆಯ ಜನನ ಪತ್ರದಲ್ಲಿ ಅಕ್ಟೋಬರ್ ಹದಿನಾಲ್ಕು, ಶಾಲೆಯ ದಾಖಲೆಯಲ್ಲಿ ಹದಿನೇಳು, ಹೊಂದುವುದಿಲ್ಲ, ಬೇಕಾದರೆ ಮೇಲ್ಮನವಿ ಕೊಡಿ. ಅಜ್ಜ, ನಾನು ಎಂತ ತಪ್ಪು ಮಾಡಿದೆ ಎಂದು ಹುಡುಗಿ ಕೇಳಿದಳು, ಅವರು ಟವೆಲಿನಿಂದ ಮುಖ ಒರೆಸಿಕೊಂಡರು, ಹದಿನೇಳು ಎಂದು ಬರೆದ ಕೈ ಇದೇ ಕೈ, ಒಂದನೇ ತರಗತಿಗೆ ಸೇರಿಸುವ ದಿನ ಮುಖ್ಯೋಪಾಧ್ಯಾಯರ ಕುರ್ಚಿಯಲ್ಲಿ ತಾವೇ ಕೂತಿದ್ದರು, ದಮಯಂತಿ ಸೆರಗಿನಲ್ಲಿ ಮಗುವಿನ ಮೂಗು ಒರೆಸುತ್ತ, ತೀರ್ಥ ಬಂದ ದಿನವೇ ಬರೆಯಿರಿ ಅಂದಳು. ಹಾಗೆ ಬರೆಯಲಿಕ್ಕಾಗುವುದಿಲ್ಲ ಅಂದರೆ ನಕ್ಕಳು, ನಿಮ್ಮ ಮಾಸ್ತರು ಊರಿನ ಮಕ್ಕಳನ್ನೆಲ್ಲ ಜೂನ್ ಒಂದಕ್ಕೇ ಹುಟ್ಟಿಸಿದ್ದಾರೆ, ನೀವೂ ಅದರಲ್ಲಿ ಒಬ್ಬರು, ನಿಮಗೆಂತ ಕಡಿಮೆ ಆಯಿತು. ಆ ನಗು, ಎಲೆ ಅಡಿಕೆಗೆ ಕೆಂಪಾದ ತುಟಿ — ತುಲಾ ಸಂಕ್ರಮಣದ ದಿನ ಆಸ್ಪತ್ರೆಯಿಂದ ಮೂರು ದಿನದ ಕೂಸು ಮನೆಗೆ ಬಂತು, ಅದೇ ಹೊತ್ತಿಗೆ ತಲಕಾವೇರಿಯಿಂದ ತೀರ್ಥವೂ ಬಂತು, ಅವಳು ತುಳಸಿ ಎಲೆಯ ತುದಿ ಅದ್ದಿ ಕೂಸಿನ ತುಟಿಗೆ ಒಂದು ಹನಿ ಬಿಟ್ಟಳು, ಕೂಸು ಚಪ್ಪರಿಸಿತು, ಈಗ ಹುಟ್ಟಿದಳು ನೋಡಿ ಅಂದಳು, ಉಳಿದ ತೀರ್ಥವನ್ನು ಹಿತ್ತಾಳೆಯ ಗಿಂಡಿಯಲ್ಲಿ ದೇವರ ಗೂಡಿಗೆ ಇಟ್ಟಳು, ವರ್ಷ ವರ್ಷವೂ ಅದೇ ಗಿಂಡಿ.

ಮೇಲ್ಮನವಿ ಬರೆಸಿದವನು ವಸಂತ. ಅಪ್ಪ, ಅವ್ವ ಹೇಳಿದ ತಾರೀಕು ಅಂತ ಬರೆಯಿರಿ, ಅವ್ವನ ಹತ್ತಿರ ಯಾರು ಕೇಳಲಿಕ್ಕೆ ಹೋಗುತ್ತಾರೆ, ನಿಮ್ಮ ಮೂವತ್ತಾರು ವರ್ಷದ ಹೆಸರೂ ಉಳಿಯುತ್ತದೆ. ಬರೆದರು, ತಪ್ಪು ಮಾಹಿತಿ ಕೊಟ್ಟವರು ಮಗುವಿನ ಅಜ್ಜಿ, ಈಗ ಇಲ್ಲ — ಒಂದು ಸಾಲು, ಸುಳ್ಳೂ ಅಲ್ಲ, ಆದರೂ ಬಸ್ಸಿನಲ್ಲಿ ದಾರಿಯುದ್ದಕ್ಕೂ ಆ ಕಾಗದ ಜೇಬಿನಲ್ಲಿ ಕೆಂಡದ ಹಾಗೆ. ಬೆಳ್ಯಪ್ಪ ಯಾರು, ಒಳಗೆ ಬನ್ನಿ, ಕಚೇರಿಯ ಜವಾನ ಕರೆದ. ಮೇಜಿನ ಆಚೆ ಮೂವರು, ನಡುವಿನ ಮೇಡಂ ಕನ್ನಡಕ ಏರಿಸಿ ಓದಿದರು, ಹೇಳಿದವರು ಅಜ್ಜಿ ಸರಿ, ಬರೆದವರು ಯಾರು ಮಾಸ್ತರೇ ಅಂದರು. ಹುಡುಗರಿಗೆ ಎಷ್ಟು ಸಲ ಇದೇ ಪ್ರಶ್ನೆ ಕೇಳಿದ್ದರು ತಾವು, ಎದ್ದು ನಿಂತು ಹೇಳು ಅಂತ. ಎದ್ದು ನಿಂತರು. ನಾನೇ ಬರೆದದ್ದು ಅಮ್ಮ, ಹುಟ್ಟಿದ ದಿನ ಗೊತ್ತಿದ್ದೇ ಬರೆದೆ, ಮಗುವಿಗೆ ತಾಯಿ ಕಾವೇರಿಯ ಆಸರೆ ಇರಲಿ ಅಂತ, ನನ್ನ ಹೆಂಡತಿಯ ಹೆಸರು ಅಲ್ಲಿ ಬೇಡ. ಕಾಗದ ಕೇಳಿ ಪಡೆದು ಆ ಸಾಲಿಗೆ ಗೀಟೆಳೆದು ಪಕ್ಕದಲ್ಲಿ ರುಜು ಹಾಕಿದರು. ನಿಮ್ಮ ಮೇಲೆ ಇಲಾಖೆಗೆ ಬರೆಯಬೇಕಾಗುತ್ತದೆ. ಬರೆಯಿರಿ. ಮೇಡಂ ಆಸ್ಪತ್ರೆಯ ಪತ್ರಕ್ಕೆ ಮೊಹರು ಒತ್ತಿ, ಹುಡುಗಿಯ ಟ್ರಂಕು ಬಿಚ್ಚಬೇಡಿ ಅಂದರು.

ಹೊರಗೆ ಬಂದರೆ ಕೊಡೆಯ ತುದಿಯ ಹನಿ ಇನ್ನೂ ಬಿದ್ದಿಲ್ಲ, ಅಥವಾ ಇದು ಬೇರೆ ಹನಿ. ಕೊನೆಯ ದಿನ ಅದೇ ಗಿಂಡಿಯಿಂದ ದಮಯಂತಿಯ ತುಟಿಗೆ ಬಿಟ್ಟ ತೀರ್ಥ ಒಳಗೆ ಇಳಿಯಲಿಲ್ಲ, ಬಾಯಿಯ ಅಂಚಿನಲ್ಲಿ ಹೀಗೇ ನಿಂತಿತ್ತು, ಒರೆಸಲು ಕೈ ಬಂದಿರಲಿಲ್ಲ — ಕಾವೇರಮ್ಮ, ಆ ಒಂದು ಹನಿ ಅವಳಿಗೆ ಸಂದಿತೆಂದು ಒಪ್ಪಿಕೋ, ಅವಳನ್ನು ತಂಪಾಗಿ ಇಡು, ಆ ಒಂದು ಹನಿ